ಎರಡು ವಾರದಲ್ಲಿ ಒಂದು ತಂಡ ಆಗುತ್ತದೆಯೇ?

ಇವತ್ತಿನ ಕಂತು ಫುಟ್ಬಾಲ್ ಬಗ್ಗೆ. ಗಾಬರಿಯಾಗಬೇಡಿ, ನಾವು ವಿಜ್ಞಾನ ಬಿಟ್ಟು ಕ್ರೀಡಾ ವಾರ್ತೆ ಓದಲು ಶುರು ಮಾಡಿಲ್ಲ. ಬಹಳ ದಿನದಿಂದ ಒಂದು ಪ್ರಶ್ನೆ ನನ್ನ ತಲೆಯಲ್ಲಿ ಕೂತಿದೆ. ಅದನ್ನು ಕೇಳಿದವರು ವಿಜ್ಞಾನಿಯೂ ಅಲ್ಲ, ಕೋಚ್ ಕೂಡ ಅಲ್ಲ. ದುಬೈನಲ್ಲಿ ನಮ್ಮ ಕಟ್ಟಡದಲ್ಲೇ ಇದ್ದ ಮಂಜೇಶ್ವರದ ಒಬ್ಬ ಹಿರಿಯರು. ನಾವೆಲ್ಲ ಅವರನ್ನು ಅಣ್ಣ ಅಂತಲೇ ಕರೆಯೋದು. ಕಾಸರಗೋಡು ಕಡೆಯವರಿಗೆ ಫುಟ್ಬಾಲ್ ಅಂದರೆ ಏನು ಅಂತ ನಿಮಗೆ ಗೊತ್ತಿರಬಹುದು. ಗದ್ದೆ ಕೊಯ್ಲಾದ ಮೇಲೆ ಸೆವೆನ್ಸ್ ಪಂದ್ಯ ನೋಡುತ್ತಾ ಬೆಳೆದವರು ಅವರು.

2021ರ ಮಾರ್ಚ್ 29, ಸೋಮವಾರ. ಊರಿನಲ್ಲಿ ಹೋಳಿ. ಇಲ್ಲಿ ದುಬೈನ ಜಬೀಲ್ ಸ್ಟೇಡಿಯಂನಲ್ಲಿ ಭಾರತ ಮತ್ತು ಯುಎಇ ನಡುವೆ ಸ್ನೇಹಪರ ಪಂದ್ಯ. ಕೊರೋನಾ ಕಾಲವಾದ್ದರಿಂದ ಮೈದಾನಕ್ಕೆ ಹೋಗುವ ಮಾತಿರಲಿಲ್ಲ. ನಮ್ಮೂರಿನ ತಂಡ ನಮ್ಮ ಮನೆಯ ಹತ್ತಿರವೇ ಆಡುತ್ತಿದೆ, ನಾವು ಸಣ್ಣ ಪರದೆಯಲ್ಲಿ ನೋಡುತ್ತಿದ್ದೇವೆ. 12ನೇ ನಿಮಿಷಕ್ಕೆ ಅಲಿ ಮಬ್ಖೂತ್ ಮೊದಲ ಗೋಲು ಹೊಡೆದರು. 32ನೇ ನಿಮಿಷಕ್ಕೆ ಪೆನಾಲ್ಟಿಯಲ್ಲಿ ಎರಡನೆಯದು. 60ನೇ ನಿಮಿಷಕ್ಕೆ ಮೂರನೆಯದು, ಅದೂ ಅವರದೇ. ಅಲ್ಲಿಂದ ಮುಂದೆ ಲೆಕ್ಕ ಇಡುವುದೇ ಬೇಸರವಾಯಿತು. ಕೊನೆಗೆ 0–6.

ಅಣ್ಣ ಆರನೇ ಗೋಲಿನ ತನಕ ಮಾತೇ ಆಡಲಿಲ್ಲ. ಆಮೇಲೆ ಚಾ ಲೋಟ ಕೆಳಗಿಟ್ಟು ಕೇಳಿದರು: "ಅಲ್ಲ ಡಾಕ್ಟ್ರೇ, ನೀವು ಜೀವಶಾಸ್ತ್ರ ಓದಿದವರಲ್ವಾ? ಒಂದು ಹೇಳಿ ನೋಡುವ. ಒಂದೂವರೆ ವರ್ಷ ಆಟ ಇಲ್ಲದೆ, ಹತ್ತು ಹನ್ನೆರಡು ದಿನ ಒಟ್ಟಿಗೆ ನಿಲ್ಲಿಸಿದರೆ, ಅದು ಒಂದು ತಂಡ ಆಗ್ತದಾ?"

ನಾನು ಅವತ್ತು ಏನೋ ಸಮಾಧಾನದ ಮಾತು ಹೇಳಿ ಜಾರಿಕೊಂಡೆ. ಸರಿಯಾದ ಉತ್ತರ ಇವತ್ತು ಕೊಡಲು ಪ್ರಯತ್ನಿಸುತ್ತೇನೆ.

ಮೊದಲು ಸಂಗತಿಗಳನ್ನು ನೋಡೋಣ. ಅದಕ್ಕೂ ಮುಂಚೆ ಭಾರತ ತಂಡ ಅಂತಾರಾಷ್ಟ್ರೀಯ ಪಂದ್ಯ ಆಡಿದ್ದು 2019ರ ನವೆಂಬರ್ 19ರಂದು, ಮಸ್ಕತ್‌ನಲ್ಲಿ. ಆಮೇಲೆ ಕೊರೋನಾ ಬಂತು, 16 ತಿಂಗಳು ಏನೂ ಇಲ್ಲ. ಆಟಗಾರರು ಗೋವಾದಲ್ಲಿ ಬಯೋಬಬಲ್ ಒಳಗೆ ಐಎಸ್‌ಎಲ್ ಆಡಿದರು. ಅದರ ಫೈನಲ್ ನಡೆದದ್ದು ಮಾರ್ಚ್ 13ಕ್ಕೆ. ದುಬೈನಲ್ಲಿ ಒಮಾನ್ ವಿರುದ್ಧದ ಮೊದಲ ಪಂದ್ಯ ಮಾರ್ಚ್ 25ಕ್ಕೆ. ನಡುವೆ ಸಿಕ್ಕಿದ್ದು 11 ದಿನ. ನಾಯಕ ಸುನಿಲ್ ಛೆಟ್ರಿ ಕೋವಿಡ್ ತಗುಲಿ ಬರಲಿಲ್ಲ. ಒಮಾನ್ ವಿರುದ್ಧ ಕೋಚ್ ಇಗೊರ್ ಸ್ಟಿಮಾಚ್ ಹತ್ತು ಮಂದಿ ಹೊಸಬರಿಗೆ ಅವಕಾಶ ಕೊಟ್ಟರು. ಆ ಪಂದ್ಯ 1–1 ಡ್ರಾ ಆಯಿತು, ನಾವು ಖುಷಿಪಟ್ಟೆವು. ನಾಲ್ಕು ದಿನದ ನಂತರ ಹನ್ನೊಂದರಲ್ಲಿ ಎಂಟು ಮಂದಿ ಬದಲು. ಫಲಿತಾಂಶ ನಿಮಗೆ ಗೊತ್ತೇ ಇದೆ.

ಈಗ ಇದನ್ನು ಇನ್ನೊಂದು ರಾತ್ರಿಯ ಪಕ್ಕದಲ್ಲಿಡಿ. 2019ರ ಜನವರಿ 10, ಗುರುವಾರ. ಏಷ್ಯನ್ ಕಪ್. ಅಬುಧಾಬಿಯ ಜಾಯೆದ್ ಸ್ಪೋರ್ಟ್ಸ್ ಸಿಟಿ ಸ್ಟೇಡಿಯಂ. ನಾವು ಆರು ಮಂದಿ ಎರಡು ಕಾರಿನಲ್ಲಿ ಶೇಖ್ ಜಾಯೆದ್ ರಸ್ತೆ ಹಿಡಿದು ದುಬೈನಿಂದ ಹೋಗಿದ್ದೆವು. ಎದುರಾಳಿ ಅದೇ ಯುಎಇ, ಅದೇ ಮಬ್ಖೂತ್. ನಾಲ್ಕು ದಿನ ಮುಂಚೆ ಅಲ್ ನಹ್ಯಾನ್ ಸ್ಟೇಡಿಯಂನಲ್ಲಿ ನಾವು ಥಾಯ್ಲೆಂಡನ್ನು 4–1ರಿಂದ ಸೋಲಿಸಿದ್ದೆವು, ಮರುದಿನವೇ ಅವರ ಕೋಚ್ ಕೆಲಸ ಕಳೆದುಕೊಂಡಿದ್ದರು. ಆ ರಾತ್ರಿ ನಾವು 0–2ರಿಂದ ಸೋತೆವು, ನಿಜ. ಆದರೆ ನಮ್ಮ ಹೊಡೆತ ಎರಡು ಸಲ ಗೋಲಿನ ಕಂಬಕ್ಕೆ ಬಡಿದು ವಾಪಸ್ ಬಂತು. ಎರಡನೇ ಗೋಲು ಬಿದ್ದದ್ದು 88ನೇ ನಿಮಿಷಕ್ಕೆ. ಅಲ್ಲಿಯ ತನಕ ಪಂದ್ಯ ಜೀವಂತ ಇತ್ತು. ಸೋತು ವಾಪಸ್ ಬರುವಾಗಲೂ ಕಾರಿನಲ್ಲಿ ಯಾರೂ ಸುಮ್ಮನಿರಲಿಲ್ಲ.

ಆ ತಂಡ ಟೂರ್ನಿಗೆ ಎರಡು ವಾರಕ್ಕೂ ಮೊದಲೇ ಯುಎಇಗೆ ಬಂದಿಳಿದಿತ್ತು. ಡಿಸೆಂಬರ್ 27ಕ್ಕೆ ಒಮಾನ್ ಜೊತೆ ಅಭ್ಯಾಸ ಪಂದ್ಯ ಆಡಿ 0–0 ಮಾಡಿಕೊಂಡಿತ್ತು. ಅದಕ್ಕೂ ಮುಂಚೆ ಅಕ್ಟೋಬರ್‌ನಲ್ಲಿ ಚೀನಾ, ನವೆಂಬರ್‌ನಲ್ಲಿ ಜೋರ್ಡಾನ್ ವಿರುದ್ಧ ಅವರದ್ದೇ ನೆಲದಲ್ಲಿ ಆಡಿತ್ತು. ಆಟಗಾರರಿಗೆ ಒಬ್ಬರಿಗೊಬ್ಬರ ಕಾಲು ಗೊತ್ತಿತ್ತು.

ಎರಡು ವರ್ಷದ ಅಂತರ, ಒಂದೇ ದೇಶ, ಒಂದೇ ಎದುರಾಳಿ. ಒಮ್ಮೆ 0–2, ಇನ್ನೊಮ್ಮೆ 0–6. ಪ್ರಯೋಗಾಲಯದಲ್ಲಿ ಕೆಲಸ ಮಾಡುವವನಿಗೆ ಇದು ಆಸೆ ಹುಟ್ಟಿಸುವ ಹೋಲಿಕೆ. ಆದರೆ ಎಚ್ಚರ ಬೇಕು. ಕೋಚ್ ಬೇರೆ, ಆಟಗಾರರು ಬೇರೆ, ಛೆಟ್ರಿ ಇಲ್ಲ, ಒಂದು ಟೂರ್ನಿ ಪಂದ್ಯ, ಇನ್ನೊಂದು ಸ್ನೇಹಪರ. ಎರಡು ಪಂದ್ಯದಿಂದ ಏನನ್ನೂ ಸಾಬೀತು ಮಾಡಲಾಗದು. ಅದಕ್ಕೇ ನಾವು ಅಂಕಿಗಳನ್ನು ಬಿಟ್ಟು ದೇಹದ ಒಳಗೆ ಹೋಗೋಣ. ತಯಾರಿ ಅಂದರೆ ದೇಹದಲ್ಲಿ ನಿಜವಾಗಿ ಏನಾಗುತ್ತದೆ? ಅದಕ್ಕೆ ಎಷ್ಟು ದಿನ ಬೇಕು?

ಗಲ್ಫ್‌ನಲ್ಲಿರುವವರಿಗೆ ಸುಲಭವಾಗಿ ಅರ್ಥವಾಗುವ ಉದಾಹರಣೆ ಬಿಸಿಲು. ಊರಿನಿಂದ ಜೂನ್ ತಿಂಗಳಲ್ಲಿ ಹೊಸದಾಗಿ ಬಂದವರು ಮೊದಲ ವಾರ ಹೇಗೆ ಒದ್ದಾಡುತ್ತಾರೆ ನೋಡಿದ್ದೀರಲ್ಲ? ಎರಡನೇ ವಾರಕ್ಕೆ ಅದೇ ಮನುಷ್ಯ ಸುಧಾರಿಸಿಕೊಳ್ಳುತ್ತಾನೆ. ಮನಸ್ಸು ಗಟ್ಟಿಯಾಗಿದ್ದಷ್ಟೇ ಕಾರಣವಲ್ಲ. ಮೊದಲ ಮೂರ್ನಾಲ್ಕು ದಿನದಲ್ಲಿ ರಕ್ತದ ದ್ರವ ಭಾಗ, ಅಂದರೆ ಪ್ಲಾಸ್ಮಾ, ಹೆಚ್ಚುತ್ತದೆ. ಅದರಿಂದ ಹೃದಯದ ಬಡಿತ ಇಳಿಯುತ್ತದೆ. ಆಮೇಲೆ ಬೆವರು ಬೇಗ ಶುರುವಾಗುತ್ತದೆ, ಹೆಚ್ಚು ಬರುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ. ಇದೆಲ್ಲ ಪೂರ್ತಿಯಾಗಲು ಒಂದರಿಂದ ಎರಡು ವಾರ ಬೇಕು. ಬಿಸಿಲಿನಿಂದ ದೂರ ಹೋದರೆ ಕೆಲವೇ ವಾರದಲ್ಲಿ ಬಂದದ್ದೆಲ್ಲ ಹೋಗುತ್ತದೆ. ಯಾರು ಎಷ್ಟು ದುಡ್ಡು ಕೊಟ್ಟರೂ ಈ ಎರಡು ವಾರವನ್ನು ಎರಡು ದಿನ ಮಾಡಲು ಬರುವುದಿಲ್ಲ. ಬೆವರಿನ ಗ್ರಂಥಿಗೆ ಅದರದ್ದೇ ಕ್ಯಾಲೆಂಡರ್ ಇದೆ.

ಹಾಗಾದರೆ 2021ರಲ್ಲಿ ನಮ್ಮವರು ಸೋತದ್ದು ದುಬೈ ಸೆಖೆಗೋ? ಅಲ್ಲ. ಮಾರ್ಚ್ ಸಂಜೆ ಇಲ್ಲಿ ಹವೆ ಹಿತವಾಗಿಯೇ ಇರುತ್ತದೆ. ಅದೂ ಅಲ್ಲದೆ ಗೋವಾದ ಕಡಲ ಸೆಖೆಯಲ್ಲಿ ಆಡಿ ಬಂದವರು ಅವರು. ಆ ನೆಪ ನಡೆಯುವುದಿಲ್ಲ.

ಎರಡನೆಯದು ಸ್ನಾಯುವಿನ ಇಂಧನ. ಫುಟ್ಬಾಲ್ ಆಟಗಾರ ಒಂದು ಪಂದ್ಯದಲ್ಲಿ ಸುಮಾರು 10ರಿಂದ 12 ಕಿಲೋಮೀಟರ್ ಓಡುತ್ತಾನೆ, ಅದೂ ಒಂದೇ ವೇಗದಲ್ಲಲ್ಲ. ನಿಲ್ಲು, ಓಡು, ತಿರುಗು, ಹಾರು. ಇದಕ್ಕೆ ಬೇಕಾದ ಸಕ್ಕರೆ ಸ್ನಾಯುವಿನ ನಾರುಗಳಲ್ಲಿ ಗ್ಲೈಕೋಜನ್ ರೂಪದಲ್ಲಿ ಇರುತ್ತದೆ. ಡೆನ್ಮಾರ್ಕಿನ ಸಂಶೋಧಕರು ಪಂದ್ಯ ಮುಗಿದ ಕೂಡಲೇ ಆಟಗಾರರ ತೊಡೆಯಿಂದ ಚೂರು ಸ್ನಾಯು ತೆಗೆದು ನೋಡಿದಾಗ, ಹೆಚ್ಚುಕಡಿಮೆ ಅರ್ಧದಷ್ಟು ನಾರುಗಳಲ್ಲಿ ಗ್ಲೈಕೋಜನ್ ಖಾಲಿ, ಇಲ್ಲವೇ ಖಾಲಿಯಾಗುವ ಹಂತದಲ್ಲಿತ್ತು. ಅದು ಮತ್ತೆ ತುಂಬಲು ಎರಡರಿಂದ ಮೂರು ದಿನ ಬೇಕು. ಲೀಗ್‌ನ ಸುಸ್ತು, ಪ್ರಯಾಣ, ನಿದ್ದೆಗೇಡು ಸೇರಿದರೆ ಇನ್ನೂ ಹೆಚ್ಚು. ಆದರೆ 11 ದಿನ ಸಿಕ್ಕಿದ್ದರಿಂದ ಇದೂ ದೊಡ್ಡ ಕಾರಣವಲ್ಲ. ಒಂದು ಅರ್ಥದಲ್ಲಿ ಅವರು ದೈಹಿಕವಾಗಿ ಪಳಗಿದ್ದರು, ನಾಲ್ಕು ತಿಂಗಳು ಲೀಗ್ ಆಡಿ ಬಂದಿದ್ದರು.

ಹಾಗಾದರೆ ಉಳಿದದ್ದು ಯಾವುದು? ಮೂರನೆಯದು, ಎಲ್ಲಕ್ಕಿಂತ ನಿಧಾನವಾದದ್ದು: ಒಟ್ಟಿಗೆ ಯೋಚಿಸುವುದು.

ಒಂದು ಸಣ್ಣ ಲೆಕ್ಕ ಮಾಡೋಣ. ಕಣ್ಣಿಗೆ ಏನೋ ಕಂಡು, ಕಾಲು ಅಲುಗಲು ಕನಿಷ್ಠ 0.2 ಸೆಕೆಂಡ್ ಬೇಕು. ಅದು ಒಂದೇ ಆಯ್ಕೆ ಇದ್ದಾಗ. ಆಯ್ಕೆಗಳು ಹೆಚ್ಚಾದಂತೆ ಸಮಯವೂ ಹೆಚ್ಚುತ್ತದೆ. ವಿಲಿಯಂ ಹಿಕ್ ಎಂಬ ಬ್ರಿಟಿಷ್ ಮನಶ್ಶಾಸ್ತ್ರಜ್ಞ 1952ರಲ್ಲಿ ಇದನ್ನು ಅಳೆದು ತೋರಿಸಿದರು. ಈಗ ಒಬ್ಬ ಡಿಫೆಂಡರ್‌ನನ್ನು ಊಹಿಸಿಕೊಳ್ಳಿ. ಪಕ್ಕದಲ್ಲಿರುವವನು ಮುಂದೆ ಹೋಗುತ್ತಾನಾ, ಹಿಂದೆ ಸರಿಯುತ್ತಾನಾ, ಆಫ್‌ಸೈಡ್ ಬಲೆ ಹಾಕುತ್ತಾನಾ? ಗೊತ್ತಿಲ್ಲದಿದ್ದರೆ ನೋಡಿ ತೀರ್ಮಾನಿಸಬೇಕು. ಅದಕ್ಕೆ 0.3 ಸೆಕೆಂಡ್ ಹೆಚ್ಚು ಹಿಡಿಯಿತು ಅಂತಿಟ್ಟುಕೊಳ್ಳಿ. ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಓಡುವ ಮುಂಪಡೆಯ ಆಟಗಾರ ಅಷ್ಟರಲ್ಲಿ 2.4 ಮೀಟರ್ ಮುಂದೆ ಹೋಗಿರುತ್ತಾನೆ. ಮಬ್ಖೂತ್‌ನಂಥವರಿಗೆ ಅಷ್ಟು ಜಾಗ ಧಾರಾಳ ಸಾಕು.

ಪಕ್ಕದವನ ಜೊತೆ ನೂರಾರು ಸಲ ಆಡಿದ್ದರೆ? ಆಗ ನೋಡಿ ತೀರ್ಮಾನಿಸುವ ಅಗತ್ಯವೇ ಇಲ್ಲ. ಅವನ ಭುಜ ತಿರುಗಿದ ಕೂಡಲೇ ಮುಂದೇನಾಗುತ್ತದೆ ಎಂದು ಮೆದುಳು ಮೊದಲೇ ಊಹಿಸಿಬಿಟ್ಟಿರುತ್ತದೆ. ನಮ್ಮ ಹಿಮ್ಮೆದುಳು ಈ ಕೆಲಸದಲ್ಲಿ ನಿಪುಣ: ಊಹೆ ಮಾಡು, ತಪ್ಪಾದರೆ ಸರಿಪಡಿಸಿಕೋ, ಮತ್ತೆ ಊಹೆ ಮಾಡು. ಅಡುಗೆಮನೆಯಲ್ಲಿ ಅಮ್ಮ, ಅತ್ತೆ ಒಬ್ಬರಿಗೊಬ್ಬರು ತಾಗದೆ, ಮಾತೂ ಆಡದೆ ಮದುವೆ ಮನೆಯ ಅಡುಗೆ ಮುಗಿಸುವುದನ್ನು ನೋಡಿಲ್ಲವಾ? ಹಾಗೆ. ಈ ಕಲಿಕೆ ಗಟ್ಟಿಯಾಗುವುದರಲ್ಲಿ ನಿದ್ದೆಯ ಪಾತ್ರವೂ ದೊಡ್ಡದು. ಹಗಲು ಅಭ್ಯಾಸ, ರಾತ್ರಿ ನಿದ್ದೆ, ಮತ್ತೆ ಹಗಲು ಅಭ್ಯಾಸ. ಒಂದೇ ದಿನ ಹತ್ತು ಗಂಟೆ ಅಭ್ಯಾಸ ಮಾಡಿಸಿದರೆ ಐದು ದಿನ ಎರಡೆರಡು ಗಂಟೆ ಮಾಡಿದ್ದಕ್ಕೆ ಸಮ ಆಗುವುದಿಲ್ಲ.

ಗುಂಪಾಗಿ ಚಲಿಸುವ ಪ್ರಾಣಿಗಳನ್ನು ನೋಡಿದರೂ ಇದೇ ಕಾಣುತ್ತದೆ. ರೋಮ್ ನಗರದ ಆಕಾಶದಲ್ಲಿ ಸಾವಿರಾರು ಕಬ್ಬಕ್ಕಿಗಳು ಒಟ್ಟಾಗಿ ಸುತ್ತುವುದನ್ನು ಇಟಲಿಯ ವಿಜ್ಞಾನಿಗಳು ಅಳೆದು 2008ರಲ್ಲಿ ಪ್ರಕಟಿಸಿದರು. ಪ್ರತಿ ಹಕ್ಕಿಯೂ ಇಡೀ ಹಿಂಡನ್ನು ಗಮನಿಸುವುದಿಲ್ಲ, ತನ್ನ ಹತ್ತಿರದ ಆರೇಳು ಹಕ್ಕಿಗಳನ್ನು ಮಾತ್ರ. ಆದರೆ ಆ ಆರೇಳನ್ನು ಸರಿಯಾಗಿ ಗಮನಿಸುತ್ತದೆ. ಫುಟ್ಬಾಲ್ ತಂಡವೂ ಹಾಗೆಯೇ ಅನ್ನಿಸುತ್ತದೆ ನನಗೆ. ಹನ್ನೊಂದರಲ್ಲಿ ಎಂಟು ಮಂದಿಯನ್ನು ಬದಲಿಸಿದರೆ ಪ್ರತಿಯೊಬ್ಬನ ಅಕ್ಕಪಕ್ಕದವರೆಲ್ಲ ಹೊಸಬರು.

ಇನ್ನೊಂದು ಹಕ್ಕಿಯ ವಿಷಯ ಹೇಳದೆ ಮುಂದೆ ಹೋಗಲಾರೆ. ಅಮೂರ್ ಫಾಲ್ಕನ್ ಎಂಬ ಪುಟ್ಟ ಬೇಟೆ ಹಕ್ಕಿ ಇದೆ. ಅಕ್ಟೋಬರ್, ನವೆಂಬರ್ ತಿಂಗಳಲ್ಲಿ ನಾಗಾಲ್ಯಾಂಡಿನಲ್ಲಿ ಇಳಿದು, ಗೆದ್ದಲಿನ ರೆಕ್ಕೆಹುಳುಗಳನ್ನು ಹೊಟ್ಟೆತುಂಬ ತಿಂದು ಕೊಬ್ಬು ಕೂಡಿಸಿಕೊಳ್ಳುತ್ತದೆ. ಆಮೇಲೆ ಭಾರತವನ್ನು ದಾಟಿ, ಅರಬ್ಬೀ ಸಮುದ್ರವನ್ನೂ ದಾಟಿ, ಐದಾರು ದಿನ ನಿಲ್ಲದೆ ಹಾರಿ ಆಫ್ರಿಕಾ ಸೇರುತ್ತದೆ. ಜನ ಮೆಚ್ಚುವುದು ಆ ಐದಾರು ದಿನದ ಹಾರಾಟವನ್ನು. ಜೀವಶಾಸ್ತ್ರಜ್ಞರು ಮೆಚ್ಚುವುದು ಅದಕ್ಕೆ ಮುಂಚಿನ ವಾರಗಳನ್ನು. ತಿನ್ನದೆ ಹೊರಟ ಹಕ್ಕಿ ಸಮುದ್ರದ ನಡುವೆ ಬೀಳುತ್ತದೆ. ಅಲ್ಲಿ ಧೈರ್ಯ, ದೇಶಾಭಿಮಾನ ಯಾವುದೂ ಕೆಲಸಕ್ಕೆ ಬರುವುದಿಲ್ಲ.

ಈಗ ಅಣ್ಣನ ಸಿಟ್ಟು ನೆತ್ತಿಗೇರಿದ ದಿನಕ್ಕೆ ಬರೋಣ. 2023ರ ಸೆಪ್ಟೆಂಬರ್ 19, ಚೀನಾದ ಹಾಂಗ್‌ಝೌ, ಏಷ್ಯನ್ ಗೇಮ್ಸ್. ಈ ಕೂಟ ಫಿಫಾ ಗೊತ್ತುಮಾಡಿದ ದಿನಗಳಲ್ಲಿ ಬರುವುದಿಲ್ಲ, ಹಾಗಾಗಿ ಆಟಗಾರರನ್ನು ಬಿಟ್ಟುಕೊಡಲೇಬೇಕೆಂಬ ಕಟ್ಟುಪಾಡು ಕ್ಲಬ್‌ಗಳಿಗೆ ಇಲ್ಲ. ಐಎಸ್‌ಎಲ್ ಎರಡೇ ದಿನದಲ್ಲಿ ಶುರುವಾಗುವುದಿತ್ತು. ಎಳೆದಾಟ ಕೊನೆಯ ತನಕ ನಡೆಯಿತು. ಅಂತೂ ತಂಡ ಹಾಂಗ್‌ಝೌ ಮುಟ್ಟಿದ್ದು ಪಂದ್ಯದ ಹಿಂದಿನ ದಿನ ಸಂಜೆ. ಒಟ್ಟಿಗೆ ಸರಿಯಾದ ಒಂದು ಅಭ್ಯಾಸವೂ ಇಲ್ಲದೆ ಮರುದಿನ ಆತಿಥೇಯ ಚೀನಾ ಎದುರು ಇಳಿದರು.

ಮೊದಲಾರ್ಧ ಮುಗಿದಾಗ 1–1! ಕೆ.ಪಿ. ರಾಹುಲ್ ಅದ್ಭುತ ಗೋಲು ಹೊಡೆದಿದ್ದರು. ಎರಡನೇ ಅರ್ಧದಲ್ಲಿ ನಾಲ್ಕು ಗೋಲು ಬಿದ್ದವು. 1–5.

ಇದನ್ನು "ಜೆಟ್ ಲ್ಯಾಗ್" ಅಂದವರಿದ್ದಾರೆ. ಅದು ಪೂರ್ತಿ ಸರಿಯಲ್ಲ. ಚೀನಾ ನಮಗಿಂತ ಎರಡೂವರೆ ಗಂಟೆ ಮುಂದೆ. ದೇಹದ ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆಯಷ್ಟು ಹೊಂದಿಕೊಳ್ಳುತ್ತದೆ, ಹಾಗಾಗಿ ಅವರದು ಇನ್ನೂ ಭಾರತದ ಸಮಯದಲ್ಲೇ ಇತ್ತು. ಆದರೆ ಪಂದ್ಯ ನಡೆದದ್ದು ಅಲ್ಲಿಯ ಸಂಜೆ ಏಳೂವರೆಗೆ, ಅಂದರೆ ನಮ್ಮ ಸಂಜೆ ಐದಕ್ಕೆ. ಆ ಹೊತ್ತಿಗೆ ದೇಹದ ಉಷ್ಣತೆ ಏರುಮುಖದಲ್ಲಿರುತ್ತದೆ, ಸ್ನಾಯುಗಳು ಚೆನ್ನಾಗಿ ಕೆಲಸ ಮಾಡುತ್ತವೆ. ಗಡಿಯಾರ ಅವರ ವಿರುದ್ಧ ಇರಲಿಲ್ಲ. ವಿರುದ್ಧ ಇದ್ದದ್ದು ಪ್ರಯಾಣದ ದಣಿವು, ಕೆಟ್ಟ ನಿದ್ದೆ, ವಿಮಾನದ ಒಣ ಗಾಳಿ, ಅಭ್ಯಾಸವಿಲ್ಲದ ಹೊಂದಾಣಿಕೆ. ದಣಿದಾಗ ಮೊದಲು ಹೋಗುವುದು ಕಾಲಿನ ಬಲವಲ್ಲ, ತೀರ್ಮಾನದ ವೇಗ. ಮೊದಲಾರ್ಧ ಹುಮ್ಮಸ್ಸಿನಲ್ಲಿ ಹೋಯಿತು. ಎರಡನೆಯದಕ್ಕೆ ಅದು ಸಾಲಲಿಲ್ಲ.

ಅವತ್ತು ನಾನೂ ಅಣ್ಣನ ಜೊತೆ ಸೇರಿ ಎಲ್ಲರನ್ನೂ ಬೈದೆ. ಬೈದು ಮುಗಿದ ಮೇಲೆ ಅಣ್ಣನೇ ತಣ್ಣಗೆ ಒಂದು ಮಾತು ಹೇಳಿದರು. "ಜೂನ್‌ನಲ್ಲಿ ಬೆಂಗಳೂರಿನಲ್ಲಿ ಆದದ್ದು ಎಂತ? ಆಗ ನಾವು ನಗಾಡಿದ್ದಲ್ವಾ?"

ನಿಜ. 2023ರ ಜೂನ್ 21, ಕಂಠೀರವ ಕ್ರೀಡಾಂಗಣ, ಸ್ಯಾಫ್ ಟೂರ್ನಿ. ಪಾಕಿಸ್ತಾನ ತಂಡಕ್ಕೆ ವೀಸಾ ತಡವಾಗಿ, ಅವರು ಬೆಂಗಳೂರಿಗೆ ಬಂದಿಳಿದದ್ದು ಪಂದ್ಯದ ದಿನವೇ, ಕೆಲವೇ ಗಂಟೆ ಮುಂಚೆ. ನಾವು 4–0 ಗೆದ್ದೆವು, ಛೆಟ್ರಿ ಮೂರು ಗೋಲು ಹೊಡೆದರು. ನಾವು ಫೋನಿನಲ್ಲಿ ಕೂಗಾಡಿ ಸಂಭ್ರಮಿಸಿದೆವು. ಎದುರು ತಂಡದ ನಿದ್ದೆಗೇಡು ನಮಗೆ ಕಾಣಲೇ ಇಲ್ಲ. ಮೂರೇ ತಿಂಗಳಲ್ಲಿ ಅದೇ ಸ್ಥಿತಿ ನಮಗೆ ಬಂದಾಗ ಮಾತ್ರ ಶರೀರಶಾಸ್ತ್ರ ನೆನಪಾಯಿತು. ಅಭಿಮಾನಿಯ ದೌರ್ಬಲ್ಯ ಇದು, ನನ್ನದೂ ಸೇರಿ.

ಆದರೆ ಅದೇ ಟೂರ್ನಿ ಇನ್ನೊಂದು ವಿಷಯವನ್ನೂ ಹೇಳುತ್ತದೆ. ಆ ಬೇಸಿಗೆಯಲ್ಲಿ ನಮ್ಮ ತಂಡ ಮೇ ತಿಂಗಳ ಮಧ್ಯದಿಂದ ಒಟ್ಟಿಗೆ ಇತ್ತು. ಭುವನೇಶ್ವರದಲ್ಲಿ ಕ್ಯಾಂಪ್, ಅಲ್ಲೇ ಇಂಟರ್‌ಕಾಂಟಿನೆಂಟಲ್ ಕಪ್, ಫೈನಲ್‌ನಲ್ಲಿ ಲೆಬನಾನ್ ವಿರುದ್ಧ 2–0 ಗೆಲುವು. ಅಲ್ಲಿಂದ ಬೆಂಗಳೂರು. ಸೆಮಿಫೈನಲ್‌ನಲ್ಲಿ ಮತ್ತೆ ಲೆಬನಾನ್, ಜುಲೈ 4ರ ಫೈನಲ್‌ನಲ್ಲಿ ಕುವೈತ್, ಎರಡೂ ಪೆನಾಲ್ಟಿಯಲ್ಲಿ ಗೆಲುವು. ಹೆಚ್ಚುಕಡಿಮೆ ಐವತ್ತು ದಿನ ಒಟ್ಟಿಗೆ ಇದ್ದ ತಂಡ ಅದು. ಎದುರಾಳಿಗಳು ಅಷ್ಟೇನೂ ಬಲಿಷ್ಠರಲ್ಲ ಎನ್ನುವುದನ್ನೂ ಸೇರಿಸಿ ಹೇಳಬೇಕು. ಆದರೂ ಆ ತಂಡ ಆಡುವುದು ನೋಡಿದರೆ ಗೊತ್ತಾಗುತ್ತಿತ್ತು, ಯಾರೂ ಪಾಸ್ ಕೊಡುವ ಮುಂಚೆ ತಲೆ ಎತ್ತಿ ಹುಡುಕುತ್ತಿರಲಿಲ್ಲ.

ಆಮೇಲೆ 2024ರ ಜನವರಿ, ಕತಾರ್‌ನಲ್ಲಿ ಏಷ್ಯನ್ ಕಪ್. ಕೋಚ್ ನಾಲ್ಕು ವಾರದ ಕ್ಯಾಂಪ್ ಬೇಕೆಂದು ಕೇಳಿದ್ದರು. ಡಿಸೆಂಬರ್ ಕೊನೆಯ ತನಕ ಲೀಗ್ ನಡೆದು, ಸಿಕ್ಕಿದ್ದು ಸುಮಾರು ಎರಡು ವಾರ. ಆಸ್ಟ್ರೇಲಿಯಾ, ಉಜ್ಬೇಕಿಸ್ತಾನ್, ಸಿರಿಯಾ. ಮೂರೂ ಸೋಲು. ಆರು ಗೋಲು ಬಿಟ್ಟುಕೊಟ್ಟು ಒಂದೂ ಹೊಡೆಯಲಿಲ್ಲ.

ಇಲ್ಲಿ ವಿಜ್ಞಾನಿಯಾಗಿ ನಾನು ಬ್ರೇಕ್ ಹಾಕಲೇಬೇಕು. ತಯಾರಿ ಎಲ್ಲವೂ ಅಲ್ಲ. 2021ರಲ್ಲಿ ಫಿಫಾ ಪಟ್ಟಿಯಲ್ಲಿ ನಾವು 104, ಯುಎಇ 74. ಆ ಅಂತರ ಎರಡು ವಾರ ಹೆಚ್ಚು ಸಿಕ್ಕಿದ್ದರೆ ಮಾಯವಾಗುತ್ತಿರಲಿಲ್ಲ. ಚೆನ್ನಾಗಿ ತಯಾರಾದ 2019ರ ತಂಡವೂ ಕೊನೆಯ ಪಂದ್ಯದಲ್ಲಿ, ಶಾರ್ಜಾದಲ್ಲಿ, ಬಹ್ರೇನ್ ಎದುರು ಡ್ರಾ ಸಾಕಾಗಿದ್ದಾಗ 91ನೇ ನಿಮಿಷದ ಪೆನಾಲ್ಟಿಗೆ ಸೋತು ಹೊರಬಿತ್ತು. ಅವತ್ತು ಶಾರ್ಜಾದಿಂದ ವಾಪಸ್ ಬರುವಾಗ ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ತಯಾರಿ ಗೆಲುವಿನ ಗ್ಯಾರಂಟಿ ಕೊಡುವುದಿಲ್ಲ. ನಮ್ಮಲ್ಲಿ ಎಷ್ಟಿದೆಯೋ ಅಷ್ಟನ್ನು ಪೂರ್ತಿ ಮೈದಾನಕ್ಕೆ ತರುತ್ತದೆ, ಅಷ್ಟೇ. ಆದರೆ ಸೋಲು ಎರಡು ಥರ. ನಮ್ಮ ಕೈಲಾದದ್ದೆಲ್ಲ ಮಾಡಿ ಸೋಲುವುದು ಒಂದು. ನಮ್ಮ ಕೈಲಿ ಎಷ್ಟಿತ್ತು ಅಂತ ಗೊತ್ತೇ ಆಗದೆ ಸೋಲುವುದು ಇನ್ನೊಂದು. ಅಭಿಮಾನಿಗೆ ಎರಡನೆಯದು ಹೆಚ್ಚು ನೋಯುತ್ತದೆ.

ಇದು ಹೊಸ ಕಾಯಿಲೆಯೂ ಅಲ್ಲ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ನಮ್ಮವರಲ್ಲಿ ಬಹುತೇಕರು ಬರಿಗಾಲಲ್ಲಿ ಆಡಿ ಯುಗೊಸ್ಲಾವಿಯಾ ಎದುರು 1–10ರಿಂದ ಸೋತರು. ಆ ಒಂದು ಗೋಲು ಹೊಡೆದವರು ನಮ್ಮ ಬೆಂಗಳೂರಿನ ಅಹ್ಮದ್ ಖಾನ್. ಆ ಸೋಲಿನ ನಂತರ ಬೂಟು ಕಡ್ಡಾಯವಾಯಿತು. ನಾಲ್ಕೇ ವರ್ಷದಲ್ಲಿ, 1956ರ ಮೆಲ್ಬರ್ನ್‌ನಲ್ಲಿ, ಭಾರತ ನಾಲ್ಕನೇ ಸ್ಥಾನಕ್ಕೆ ಬಂತು. ಬೂಟೊಂದೇ ಕಾರಣ ಅನ್ನುವುದಿಲ್ಲ ನಾನು. ಸೋಲಿನಿಂದ ಒಂದು ಪಾಠವನ್ನಾದರೂ ಕಲಿತರು ಅನ್ನುವುದು ಮುಖ್ಯ.

ಹಾಗಾದರೆ ಅಭಿಮಾನಿಗಳು ಕೇಳಬೇಕಾದದ್ದು ಏನು? "ಗೆಲ್ಲಿ" ಅಂತ ಅಲ್ಲ. ಲೀಗ್ ವೇಳಾಪಟ್ಟಿ ಬರೆಯುವಾಗಲೇ ರಾಷ್ಟ್ರೀಯ ಕ್ಯಾಂಪಿನ ದಿನಗಳನ್ನು ಅದರೊಳಗೆ ಬರೆಯಿರಿ. ಫಿಫಾ ಕೊಡುವ ಒಂದು ಅವಕಾಶವನ್ನೂ ಖಾಲಿ ಬಿಡಬೇಡಿ, ಯಾಕೆಂದರೆ ಹೊಂದಾಣಿಕೆ ಬೆಳೆಯುವುದು ಪಂದ್ಯದಲ್ಲೇ. ಸಮಯ ವ್ಯತ್ಯಾಸದ ಗಂಟೆಗೆ ಒಂದು ದಿನದಂತೆ ಮುಂಚಿತವಾಗಿ ಹೋಗಿ. ಹೊಸಬರನ್ನು ಆಡಿಸಿ, ಆದರೆ ಪ್ರತಿಯೊಬ್ಬನ ಪಕ್ಕದಲ್ಲಿ ಒಬ್ಬ ಪರಿಚಿತನಿರಲಿ. ಇವುಗಳಲ್ಲಿ ಯಾವುದಕ್ಕೂ ಹೊಸ ಯಂತ್ರ ಬೇಡ, ಕ್ಯಾಲೆಂಡರ್ ಮತ್ತು ಮಾತುಕತೆ ಸಾಕು.

ಕಳೆದ ವಾರ ಅಣ್ಣನಿಗೆ ಫೋನ್ ಮಾಡಿದೆ. ಅವರು ಈಗ ಊರಿಗೆ ಹೋಗಿ ನೆಲೆಸಿದ್ದಾರೆ. ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತು ಅಣ್ಣ ಅಂದೆ. "ಎರಡು ವಾರದಲ್ಲಿ ಬೆವರು ಹೊಂದಿಕೊಳ್ಳುತ್ತದೆ, ಸ್ನಾಯು ಸುಧಾರಿಸಿಕೊಳ್ಳುತ್ತದೆ. ಆದರೆ ಹನ್ನೊಂದು ಮಂದಿ ಒಂದು ತಂಡ ಆಗುವುದಿಲ್ಲ. ಅದಕ್ಕೆ ಮೊದಲೇ ತಂಡ ಆಗಿದ್ದವರಾಗಿರಬೇಕು."

ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಇದು ನಮ್ಮ ಸೆವೆನ್ಸ್ ಹುಡುಗರಿಗೂ ಗೊತ್ತುಂಟು ಡಾಕ್ಟ್ರೇ. ಗೊತ್ತಿರಬೇಕಾದವರಿಗೆ ಹೇಳಿ." ಆಮೇಲೆ ಮುಂದಿನ ಪಂದ್ಯ ಯಾವಾಗ ಅಂತ ಕೇಳಿದರು. ಇಷ್ಟೆಲ್ಲ ಬೈದರೂ ನೋಡುವುದನ್ನು ಬಿಡುವವರಲ್ಲ ಅವರು. ನಾನೂ ಅಲ್ಲ.

ನಿಮ್ಮ ಊರಿನಲ್ಲಿ, ನೀವಿರುವ ದೇಶದಲ್ಲಿ ಇಂಥ ಅನುಭವ ಆಗಿದ್ದರೆ ನಮಗೆ ಬರೆದು ಕಳಿಸಿ. ಮುಂದಿನ ಕಂತಿನಲ್ಲಿ ಮತ್ತೆ ಸಿಗೋಣ. ಅಲ್ಲಿಯ ತನಕ ಚೆನ್ನಾಗಿ ನಿದ್ದೆ ಮಾಡಿ, ಅದೂ ತಯಾರಿಯೇ. ನಮಸ್ಕಾರ.